ಬೀಗರ ಪಂಚೆ ಕೆಂಪಾದದ್ದು

ಮುಹೂರ್ತ ಹತ್ತಿರವಾಗಿತ್ತು. ಅಷ್ಟರಲ್ಲಿ ವರನ ದೊಡ್ಡಪ್ಪ ಶಿವನಂಜಪ್ಪನವರ ಬಿಳಿ ಪಂಚೆಯ ಮೇಲೆ ತಿಂಡಿಯ ಚಿತ್ರಾನ್ನ ಬಿತ್ತು. ಅವರೇ ನಲ್ಲಿಯ ಬಳಿ ಹೋಗಿ ಅರಿಸಿನದ ಕಲೆಗೆ ಸೋಪು ಉಜ್ಜಿದರು. ಕಲೆ ಹೋಗಲಿಲ್ಲ, ರಕ್ತದಂತೆ ಕೆಂಪಾಯಿತು!

“ಅಪಶಕುನ! ಈ ಕೆಂಪು ಹೋಗೋವರೆಗೂ ತಾಳಿ ಕಟ್ಟಕೂಡದು!” ಎಂದು ಮಂಟಪದ ಮುಂದೆ ಗುಡುಗಿದರು. ವಾಲಗ ನಿಂತಿತು. ಹುಡುಗಿಯ ಅಪ್ಪ ಕೈಮುಗಿದು ಬೇಡಿಕೊಳ್ಳುತ್ತಿದ್ದ. ಪುರೋಹಿತರು ಗಡಿಯಾರ ನೋಡುತ್ತಿದ್ದರು.

ಅಡುಗೆಯವಳು ಸೌಟು ಇಟ್ಟು, ಅರ್ಧ ನಿಂಬೆಹಣ್ಣು ಹಿಡಿದು ಬಂದಳು. “ಸ್ವಲ್ಪ ತೋರ್ಸಿ ಯಜಮಾನ್ರೇ,” ಎಂದು ಕಲೆಯ ಮೇಲೆ ಹಿಂಡಿದಳು. ಎಲ್ಲರೂ ನೋಡುತ್ತಿದ್ದಂತೆಯೇ ಕೆಂಪು ಮತ್ತೆ ಹಳದಿಯಾಯಿತು.

“ಆರತಿ ನೀರು ಕೆಂಪಾಗೋದು ಅರಿಸಿನಕ್ಕೆ ಸುಣ್ಣ ಬೆರೆತು. ಸೋಪು ತಾಕಿದ್ರೂ ಹಾಗೇ. ಹುಳಿ ಬಿದ್ರೆ ತಿರುಗಿ ಹಳದಿ. ಇದ್ರಲ್ಲಿ ಶಕುನ ಎಲ್ಲಿ ಬಂತು?”

ಶಿವನಂಜಪ್ಪನವರು ಸೋಲಲಿಲ್ಲ. “ಮತ್ತೆ ಈ ಹಳದಿ? ಕಲೆ ಪಂಚೆ ಉಟ್ಟು ನಾನು ಮಂಟಪ ಹತ್ತಲ್ಲ!”

“ಹತ್ತಬೇಡಿ. ಅರಿಸಿನ ಬಿಸಿಲಿಗೆ ಹೋಗುತ್ತೆ. ಅಂಗಳದಲ್ಲಿ ನಿಂತಿರಿ.”

ಒಳಗೆ ಗಟ್ಟಿಮೇಳ ಮೊಳಗಿದಾಗ ಶಿವನಂಜಪ್ಪನವರು ಇನ್ನೂ ಬಿಸಿಲಿಗೆ ಪಂಚೆ ಹರಡಿಕೊಂಡು ನಿಂತಿದ್ದರು.