ತಾಳದವನ ಹೆಸರು

ಮಲಪ್ರಭೆಯ ದಂಡೆಯ ಮಠದಲ್ಲಿ ಚನ್ನವೀರ ನಾಲ್ಕು ವರ್ಷ ಭಜನೆಗೆ ತಾಳ ಹಾಕಿದ. ಬಂದ ಭಕ್ತರು ಹಾಡುವವನನ್ನು ಹೊಗಳುತ್ತಿದ್ದರು, ತಬಲದವನನ್ನು ಹೊಗಳುತ್ತಿದ್ದರು. ತಾಳದವನನ್ನು ಒಂದು ನರಪಿಳ್ಳೆಯೂ ಕೇಳುತ್ತಿರಲಿಲ್ಲ.

ಮಂಗಳ ಹಾಡಿದರೆ ಸಾಕು, ಎಲ್ಲರೂ ಊಟಕ್ಕೆ ಓಡುತ್ತಿದ್ದರು. ಮೊದಲು ಹೋಗಿ ಗಂಗಾಳದ ಮುಂದೆ ಕೂರುವವನು ಚನ್ನವೀರನೇ. ಗುರುಗಳಾದ ಶಿವಲಿಂಗಜ್ಜಾರೊಬ್ಬರೇ ಕಣ್ಣು ಮುಚ್ಚಿ ಏನೋ ಗುನುಗುತ್ತ ಉಳಿಯುತ್ತಿದ್ದರು.

ಒಂದು ದಿನ ಅವನು ಗಂಟು ಕಟ್ಟಿದ.

“ಹೋಗ್ತೀನ್ರಿ ಅಜ್ಜಾರ. ನಾ ಇಲ್ಲಿ ಇದ್ದರೂ ಅಷ್ಟ, ಇರದಿದ್ದರೂ ಅಷ್ಟ.”

“ಹೋಗುವಂತಿ. ಪ್ಯಾಟಿ ಸಾಲ್ಯಾಗ ಹುಡುಗರು ತಾವ ತಗದ ಸಿನಿಮಾ ತೋರಸಾಕತ್ತಾರಂತ. ಮಠಕ್ಕೂ ಕರದಾರ. ನನ್ನ ಬದಲಿ ನೋಡಿ ಬಂದು ಹೇಳು, ಆಮ್ಯಾಲ ಹೋಗು.”

ಸಂಜೆ ಅವನು ಮರಳಿದಾಗ ಮುಖ ಅರಳಿತ್ತು.

“ಹೆಂಗಿತ್ತೋ?”

“ಯಾರೂ ಹೆಸರು ಕೇಳಿರದ ಸಿನಿಮಾ ಅಜ್ಜಾರ. ಹೊಳಿ ದಂಡಿ. ದೋಣಿ ಕೆಟ್ಟದ. ಒಂಬತ್ತು ಮಂದಿ ದಿನಾಪೂರ್ತಿ ಕಾಯ್ತಾರ. ಜಗಳಾಡ್ತಾರ, ಬುತ್ತಿ ಹಂಚ್ಕೋತಾರ. ಅಷ್ಟ.”

“ಹೀರೋ ಯಾರು?”

“ಒಬ್ರೂ ಇಲ್ರಿ! ಮೊದಲ ಸಿಟ್ಟು ಬಂತು. ಆಮ್ಯಾಲ ಎಲ್ಲಾರೂ ನಮ್ಮವರ ಅನಸಾಕತ್ತಿದ್ರು.”

“ಮನಸ್ಸಿನ್ಯಾಗ ಯಾರು ಉಳದ್ರು?”

ಚನ್ನವೀರ ಅಜ್ಜಾರ ಎದುರು ಕುಳಿತ.

“ಒಬ್ಬಾಕಿ ಅದಾಳ್ರಿ. ಆಕಿಗೆ ಒಂದೂ ಮಾತಿಲ್ಲ. ಇನ್ನೊಬ್ಬಾಕಿ ಉಣ್ಣಲಿ ಅಂತ ಆಕಿಯ ಕೂಸಿನ್ನ ಎತ್ಕೊಂಡು ಕುಂದರತಾಳ. ಜಗಳ ಜೋರಾದಾಗೆಲ್ಲ ಕೂಸಿನ ಬೆನ್ನು ತಟ್ಟತಾಳ. ಆ ಸಪ್ಪಳ ಕೇಳ್ಕೋಂತ ಕೂಸಿನ ಜೋಡಿ ದೊಡ್ಡವರೂ ತಣ್ಣಗಾಗತಾರ. ಆಕಿ ಇರದಿದ್ದರ ಆ ಮಂದಿ ಸಂಜೀತನಾ ಒಂದ ಕಡೆ ಕೂಡತಿದ್ದಿಲ್ರಿ. ನನಗ ಅಳುನ ಬಂತು.”

“ಆಕಿ ಹೆಸರೇನು?”

“ಗೊತ್ತಾಗಲಿಲ್ರಿ. ಎಲ್ಲಾರ ಹೆಸರು ಕಡೀಕ ಪರದೆ ಮ್ಯಾಲ ಬರಾಕತ್ತಿದ್ವು. ಎಲ್ಲಾರೂ ಎದ್ರು, ನಾನೂ ಎದ್ದೆ.”

ಅವನ ದನಿ ಇಳಿಯಿತು. “ಕುಂದರಬೇಕಿತ್ತು. ಭಾಳ ತಪ್ಪು ಮಾಡಿದೆ.”

ಅಜ್ಜಾರು ಪಕ್ಕದಲ್ಲಿದ್ದ ತಾಳಗಳನ್ನು ತೆಗೆದು ಅವನ ಕೈಗಿಟ್ಟರು.

“ಮಂಗಳಾ ಆದಮ್ಯಾಲ ನಾನೂ ದಿನಾ ಒಬ್ಬೊಬ್ಬರ ಹೆಸರು ಹಿಡದು ಹರಸತೀನೋ, ಹುಚ್ಚಪ್ಪಾ. ತಾಳದಾಂವಂದು ಕಡೀಕ ಬರತದ. ಅಷ್ಟೊತ್ತಿಗೆ ನೀ ಗಂಗಾಳದ ಮುಂದ ಇರ್ತಿ.”