ನಂಬರ್ ಪ್ಲೇಟಿನ ದೀಪ

ಈ ಗುರುವಿಗೆ ಗಡ್ಡವಿತ್ತು, ಆಶ್ರಮವಿರಲಿಲ್ಲ. ಹರಿಹರದಲ್ಲಿ ಹೊಳೆಯ ದಂಡೆಗೆ ಹತ್ತಿರ, ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ಡು ಇತ್ತು. ಅಲ್ಲಿ ದಾದಾಪೀರ್ ಮೇಸ್ತ್ರಿ ನಲವತ್ತು ವರ್ಷಗಳಿಂದ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದರು.

ಶಿಷ್ಯ ಒಬ್ಬನೇ, ಹಾಲೇಶ. ಮೂವತ್ತೆರಡು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ.

ಮೇಸ್ತ್ರಿಯ ಕಣ್ಣು ಮಂಜಾಗಿತ್ತು. ಬರುವ ತಿಂಗಳಿಂದ ಶೆಡ್ಡು ನಿನ್ನದೇ ಎಂದು ಹಾಲೇಶನಿಗೆ ಹೇಳಿಯಾಗಿತ್ತು. ಅವನು ಆಗಲೇ ತನ್ನ ಹೆಸರಿನ ಬೋರ್ಡು ಬರೆಯಲು ಕೊಟ್ಟು ಬಂದಿದ್ದ.

ಹತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಾಲೇಶ ಗುರುವನ್ನು ಒಂದು ಮಾತು ಕೇಳಿದ್ದ. ಹೆಡ್‌ಲೈಟು ಗಾಡಿ ಓಡಿಸುವವನಿಗೆ. ಪಾರ್ಕಿಂಗ್ ಲೈಟು ಎದುರು ಬರುವವನಿಗೆ, ಹಿಂದೆ ಬರುವವನಿಗೆ. ಆದರೆ ನಂಬರ್ ಪ್ಲೇಟಿನ ಮೇಲಿನ ಆ ಚಿಕ್ಕ ದೀಪ ರಸ್ತೆಯನ್ನೂ ತೋರಿಸುವುದಿಲ್ಲ, ಗಾಡಿಯ ಅಳತೆಯನ್ನೂ ತೋರಿಸುವುದಿಲ್ಲ. ತಲೆ ತಗ್ಗಿಸಿ ತನ್ನ ಗಾಡಿಯನ್ನೇ ನೋಡುತ್ತಿರುತ್ತದೆ.

“ಮೇಸ್ತ್ರಿ, ಇದು ಯಾರಿಗೆ?”

“ಅದು ಗೊತ್ತಾಗೋ ದಿನ ಒಳ್ಳೇ ದಿನ ಆಗಿರಂಗಿಲ್ಲ. ಈಗ ಬಲ್ಬು ಹಾಕು.”

ಹಾಲೇಶ ಬಲ್ಬು ಹಾಕಿದ್ದ. ಆಮೇಲೆ ಆ ಪ್ರಶ್ನೆಯನ್ನು ಮರೆತೂ ಬಿಟ್ಟ.

ಈಚೆಗೆ ಒಂದು ಶುಕ್ರವಾರ ಮೇಸ್ತ್ರಿ ನಮಾಜಿಗೆ ಹೋಗಿದ್ದಾಗ ಒಂದು ಬಿಳಿ ಕಾರು ಬಂತು. ಹಿಂದಿನ ನಂಬರು ಕತ್ತಲಾದ ಮೇಲೆ ಕಾಣಬಾರದು, ಉಳಿದದ್ದೆಲ್ಲ ಉರಿಯಬೇಕು ಎಂದ ಅದರ ಧಣಿ. ರಸ್ತೆಯ ಕ್ಯಾಮೆರಾಗಳ ಕಾಟ ಎಂದು ನಕ್ಕ. ಹಾಲೇಶನೂ ನಕ್ಕ.

ಎರಡು ನಿಮಿಷದ ಕೆಲಸ. ಡಿಕ್ಕಿಯ ಒಳಗೆ ಒಂದು ವೈರು ಕತ್ತರಿಸಿ ಎರಡು ತುದಿಗೂ ಟೇಪು ಸುತ್ತಿದ. ಹಿಂದಿನ ಕೆಂಪು ದೀಪಗಳು ಚೂರೂ ಅಲುಗಾಡದೆ ಉರಿದವು. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡು, ಕೆಲಸ ಮುಗಿದಾಗ ಯಾವಾಗಲೂ ಮಾಡುವಂತೆ, ಬನಿಯನ್ ಬಟ್ಟೆಯಿಂದ ನಂಬರ್ ಪ್ಲೇಟು ಒರೆಸಿ ಕಳಿಸಿದ.

ಮರುವಾರ ಉಚ್ಚಂಗೆಮ್ಮ ಸತ್ತಳು.

ಹೂ ಮಾರುವ ಹೆಂಗಸು. ದಿನಾ ಬೆಳಗ್ಗೆ ಶೆಡ್ಡಿನ ಮುಂದೆ ಹಾದು ಹೋಗುವಾಗ ಮೊಳ ಸೇವಂತಿಗೆ ಎಸೆದು ಹೋಗುತ್ತಿದ್ದಳು. ಹಾಲೇಶ ಅದನ್ನು ಬ್ಯಾಟರಿ ಚಾರ್ಜರಿಗೆ ಮುಡಿಸುತ್ತಿದ್ದ. ಅವತ್ತು ಅವಳು ಬೆಳಕು ಹರಿಯುವ ಮುಂಚೆ ಮಗಳ ಜೊತೆ ಹೂವಿನ ಬುಟ್ಟಿ ಹೊತ್ತು ಬೈಪಾಸ್ ದಾಟುತ್ತಿದ್ದಾಗ ಒಂದು ಕಾರು ಗುದ್ದಿತು.

ನಾಲ್ಕನೇ ದಿನ ಮಗಳು ನಾಗವೇಣಿ ಶೆಡ್ಡಿಗೆ ಬಂದಳು. ಕಾಲೇಜಿನ ಬ್ಯಾಗಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ರಸ್ತೆಯಲ್ಲಿ ಆಯ್ದುಕೊಂಡಿದ್ದ ದೀಪದ ಚೂರು. ಇದರಿಂದ ಗಾಡಿ ಯಾವುದೆಂದು ಹೇಳಬಹುದಾ ಎಂದು ಕೇಳಿದಳು.

ಮೇಸ್ತ್ರಿ ಚೂರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮುಂದಿನ ಪಾರ್ಕಿಂಗ್ ಲೈಟಿನ ಗಾಜು. ಇಂಥ ಗಾಡಿ ಜಿಲ್ಲೆಯಲ್ಲೇ ಸಾವಿರ ಇದ್ದಾವು, ಇದೊಂದರಿಂದ ಆಗದು ಎಂದರು. ಏನು ಕಂಡೆ ಎಂದು ಮೆಲ್ಲಗೆ ಕೇಳಿದರು.

ಬಿಳಿ ಕಾರು, ಸ್ವಲ್ಪ ಮುಂದೆ ಹೋಗಿ ನಿಂತಿತ್ತಂತೆ. ಇಳಿದು ಬರುತ್ತಾನೆ ಅಂದುಕೊಂಡು ಅವಳು ಓಡಿದಳು. ಯಾರೂ ಇಳಿಯಲಿಲ್ಲ. ಅವಳು ಮುಟ್ಟುವಷ್ಟು ಹತ್ತಿರ ಹೋದಾಗ ಹೊರಟುಬಿಟ್ಟಿತು. ಅವ್ವ ಇನ್ನೂ ಅರ್ಧ ಗಂಟೆ ಉಸಿರಾಡುತ್ತಿದ್ದಳು, ನೀರು ಕೇಳಿದಳು.

“ಎರಡೂ ಕೆಂಪು ಲೈಟು ಚಂದಾಗಿ ಉರೀತಿದ್ವು. ನಡುವ ಬರೀ ಕತ್ತಲ. ನಂಗ ಓದಾಕ ಬರ್ತತಿ ಅಜ್ಜಾ. ಓದಾಕ ಏನೂ ಇರ್ಲಿಲ್ಲ.”

ಠಾಣೆಯಲ್ಲಿ ನಂಬರು ಕೇಳುತ್ತಾರೆ, ನಾನೇನು ಹೇಳಲಿ ಎಂದು ಅವಳು ಅತ್ತಳು. ಓದು ಕಲಿತು ಏನು ಬಂತು ಎಂದು ತನ್ನನ್ನೇ ಬೈದುಕೊಂಡಳು.

ಮೇಸ್ತ್ರಿ ಹಾಲೇಶನ ಕಡೆ ತಿರುಗಿದರು.

“ಪಾರ್ಕಿಂಗ್ ಲೈಟಿನ ಲೈನ್ ಹೇಳು.”

ಹತ್ತು ವರ್ಷದ ಪಾಠ ಹಾಲೇಶನ ಬಾಯಿಗೆ ತಾನಾಗಿಯೇ ಬಂತು. ಸ್ವಿಚ್ಚಿನ ಮೊದಲ ತಿರುವಿಗೇ ಹತ್ತುತ್ತವೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಸ್ವಿಚ್ಚು. ಅಲ್ಲಿಂದ ಮುಂದೆ ಎರಡು ಚಿಕ್ಕ ದೀಪ, ಹಿಂದೆ ಎರಡು ಕೆಂಪು ದೀಪ, ಅದೇ ಲೈನಿನ ಕವಲು ನಂಬರ್ ಪ್ಲೇಟಿಗೆ.

“ಫ್ಯೂಸ್ ಹೋದ್ರ?”

“ಕೆಂಪು ಲೈಟೂ ಹೋಗ್ತಾವ.”

“ಇಂಥ ಗಾಡಿಗೆ ನಂಬರ್ ಪ್ಲೇಟಿನ ಬಲ್ಬು ಎಷ್ಟು?”

“ಎರಡು.”

“ಎರಡೂ ಒಂದೇ ದಿನ ಸುಟ್ಟು ಹೋಗ್ತಾವೇನು?”

ಹಾಲೇಶ ನೆಲದ ಮೇಲೆ ಬಿದ್ದಿದ್ದ ಕಪ್ಪು ಟೇಪಿನ ಸುರುಳಿ ನೋಡುತ್ತ ನಿಂತ.

ನಾಗವೇಣಿಗೆ ಈ ಮಾತು ತಿಳಿಯಲಿಲ್ಲ. ಚೂರನ್ನು ಮತ್ತೆ ಗಂಟು ಕಟ್ಟಿಕೊಂಡು, ಮೇಸ್ತ್ರಿಗೆ ಕೈ ಮುಗಿದು, ಠಾಣೆಯ ದಾರಿ ಹಿಡಿದಳು.

ಅವಳು ಹೋದ ಮೇಲೆ ಹಾಲೇಶ ಟೇಪಿನ ಸುರುಳಿ ಎತ್ತಿ ಚಾರ್ಜರಿನ ಪಕ್ಕ ಇಟ್ಟ. ಚಾರ್ಜರಿನ ಮೇಲೆ ನಾಲ್ಕು ದಿನದ ಹಿಂದಿನ ಸೇವಂತಿಗೆ ಕಂದಿ ಹೋಗಿತ್ತು. ಯಾರೂ ತೆಗೆದಿರಲಿಲ್ಲ.

ಕೊನೆಗೆ ಹಾಲೇಶ ಎಲ್ಲ ಹೇಳಿದ. ಶುಕ್ರವಾರ, ಬಿಳಿ ಕಾರು, ಕತ್ತರಿಸಿದ ವೈರು. ಹೇಳಿ ಮುಗಿಸಿ, ಬಿದ್ದು ಹೋಗುವವನು ಆಸರೆ ಹುಡುಕುವಂತೆ ಒಂದು ಮಾತು ಹುಡುಕಿಕೊಂಡ.

“ನಾ ಆ ವೈರ್ ಕತ್ತರಿಸದಿದ್ರೂ ಅಂವ ಗುದ್ದತಿದ್ದ, ಮೇಸ್ತ್ರಿ.”

“ಗುದ್ದತಿದ್ದ.”

ಗುರು ಇಷ್ಟು ಸುಲಭವಾಗಿ ಒಪ್ಪಿದ್ದು ಹಾಲೇಶನಿಗೆ ಬೈಗುಳಕ್ಕಿಂತ ಕಷ್ಟವಾಯಿತು.

“ಗುದ್ದಿ ನಿಂತಿದ್ದ,” ಎಂದರು ಮೇಸ್ತ್ರಿ. “ನಿಂತಾಂವ ಯಾಕ ಹೋದ, ಅದನ್ನ ಹೇಳು.”

ಹಾಲೇಶನಿಗೆ ಅದು ಕಣ್ಣಿಗೆ ಕಟ್ಟಿತು. ಕನ್ನಡಿಯಲ್ಲಿ ಓಡಿ ಬರುವ ಹುಡುಗಿ. ಸ್ಟೇರಿಂಗ್ ಹಿಡಿದವನಿಗೆ ಹಿಂದಿನ ಕತ್ತಲು ನೆನಪಾದ ಆ ಒಂದು ಗಳಿಗೆ. ಆ ಕತ್ತಲನ್ನು ಟೇಪು ಸುತ್ತಿ ಮಾಡಿಕೊಟ್ಟವನು ತಾನು. ಅವನಿಗೆ ತನ್ನ ಎರಡು ಕೈಗಳ ಮೇಲೆ ಹೇಸಿಗೆ ಹುಟ್ಟಿತು.

ನಂಬರು ನೆನಪಿದೆಯೇ ಎಂದು ಮೇಸ್ತ್ರಿ ಕೇಳಿದರು. ತಾನೇ ಒರೆಸಿದ ಪ್ಲೇಟು, ಮರೆಯುವುದು ಹೇಗೆ. ಹಾಲೇಶ ತಲೆಯಾಡಿಸಿದ. ಆಮೇಲೆ ಅಳುಕುತ್ತ ಹೇಳಿದ: ನಂಬರು ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ವೈರಿನ ಮಾತು ಬರುತ್ತದೆ, ಕೇಸಿನಲ್ಲಿ ತನ್ನ ಹೆಸರೂ ಬರುತ್ತದೆ. ಶೆಡ್ಡಿಗೆ ಆಮೇಲೆ ಯಾರು ಗಾಡಿ ತರುತ್ತಾರೆ. ಮಕ್ಕಳು ಚಿಕ್ಕವು.

ಮೇಸ್ತ್ರಿ ಇಲ್ಲ ಎನ್ನಲಿಲ್ಲ. ಎದ್ದು, ಮೂಲೆಯಲ್ಲಿ ನಿಂತಿದ್ದ ಒಂದು ಹಳೆಯ ಕಾರಿನ ಸ್ವಿಚ್ಚನ್ನು ಒಂದು ತಿರುವು ತಿರುಗಿಸಿದರು. ಶೆಡ್ಡಿನ ಮಬ್ಬಿನಲ್ಲಿ ಕೆಂಪು ದೀಪಗಳು ಹತ್ತಿದವು. ಅವುಗಳ ನಡುವೆ ಚಿಕ್ಕ ಬಿಳಿ ಬೆಳಕು ಅಕ್ಷರಗಳ ಮೇಲೆ ಬಿತ್ತು. ಮಂಜುಗಣ್ಣಿನ ಮುದುಕ ಬಗ್ಗಿ, ಬೆರಳಿಟ್ಟು, ಒಂದೊಂದೇ ಅಂಕಿ ಓದಿದರು. ಹಾಲೇಶ ಅದನ್ನು ನೋಡಲಾರದೆ ಮುಖ ಮುಚ್ಚಿಕೊಂಡ.

“ಅಂವ ನನ್ನನ್ನ ಸುಮ್ನ ಬಿಡಂಗಿಲ್ಲ, ಮೇಸ್ತ್ರಿ. ಪೊಲೀಸರೂ ಬಿಡಂಗಿಲ್ಲ.”

“ಬಿಡ್ಲಿಕ್ಕಿಲ್ಲ.”

“ಮತ್ತ ನಾ ಏನ್ ಮಾಡ್ಲಿ?”

ಮೇಸ್ತ್ರಿ ನಾಗವೇಣಿ ಹೋದ ದಾರಿಯ ಕಡೆ ನೋಡಿದರು.

“ಆ ಹುಡುಗಿ ಇನ್ನೂ ಆ ಕಾರಿನ ಹಿಂದ ನಿಂತಾಳ, ಹಾಲೇಶ. ಹೋಗಿ ನಂಬರ್ ಓದಿ ಹೇಳು.”