ಸೌದೆ ಒಲೆಗೆ ಸನ್ಮಾನ

ಶಿವನ ಕರುಣೆಯಿಂದ ಒಂದು ಮಠದ ದಾಸೋಹದಲ್ಲಿ ನಿತ್ಯವೂ ಮುನ್ನೂರು ಮಂದಿ ಉಣ್ಣುತ್ತಿದ್ದರು. ಒಂದು ದಿನ, ಅಕ್ಕಿ ತುಂಬಿಕೊಂಡು ಕೂತಿದ್ದ ಕೊಪ್ಪರಿಗೆಯ ಕೆಳಗೆ ಗ್ಯಾಸಿನ ಉರಿ ಆರಿಹೋಯಿತು.

“ಪೈಪಣ್ಣನವರೇ, ಏನಾಯಿತು?” ಎಂದು ಕೊಪ್ಪರಿಗೆ ಗ್ಯಾಸಿನ ಪೈಪನ್ನು ಕೇಳಿತು.

“ಮೇಲಿನಿಂದಲೇ ಬಂದಿಲ್ಲ. ಯಾವಾಗ ಬರುತ್ತದೋ ಹೇಳಲಾರೆ” ಎಂದಿತು ಪೈಪು.

ಹೊರಗೆ ಭಕ್ತರು ಆಗಲೇ ಪಂಕ್ತಿಯಲ್ಲಿ ಕೂತಿದ್ದರು. ಕೊಪ್ಪರಿಗೆ ಮೂಲೆಯ ಸೌದೆ ಒಲೆಯತ್ತ ತಿರುಗಿತು. “ಅಜ್ಜಾ, ಮಠದ ಮಾನ ಉಳಿಸಿ!”

“ಮೂರು ವರ್ಷದ ಮೇಲೆ ಅಜ್ಜ ನೆನಪಾದನೇ?” ಎಂದು ನಗುತ್ತಲೇ ಒಲೆ ಹೊತ್ತಿಕೊಂಡಿತು. ಒಬ್ಬರೂ ಹಸಿದು ಹೋಗಲಿಲ್ಲ; ಎಲ್ಲ ಶಿವನ ಕೃಪೆ.

ಸಂಜೆ ಗ್ಯಾಸು ಮರಳಿ ಬಂತು. ಪಾತ್ರೆಗಳು ಸಭೆ ಸೇರಿದವು. ಇನ್ನು ಮುಂದೆ ಒಬ್ಬರನ್ನೇ ನಂಬಿ ಕೂರಬಾರದು, ಎರಡನೆಯ ಪೈಪು ಹಾಕಿಸಬೇಕು ಎಂದು ಸೌಟು ಠರಾವು ಮಂಡಿಸಿತು. ಎಲ್ಲರೂ ಒಪ್ಪಿದರು.

“ಅದಕ್ಕೆ ಗ್ಯಾಸು ಎಲ್ಲಿಂದ?” ಎಂದು ಒಲೆ ಕೇಳಿತು.

“ಮೊದಲನೆಯ ಪೈಪಿನಿಂದಲೇ. ಅವರಿಗೆ ಅನುಭವವಿದೆ” ಎಂದಿತು ಸೌಟು.

“ಮತ್ತೆ ನಾನು?”

“ನಿಮ್ಮನ್ನು ಮರೆಯುತ್ತೇವೆಯೇ ಅಜ್ಜಾ?” ಎಂದ ಕೊಪ್ಪರಿಗೆ, ಒಲೆಗೆ ಹಾರ ಹಾಕಿ, ಬಾಯಿ ಮುಚ್ಚಿಹೋಗುವಂತೆ ಶಾಲು ಹೊದಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಶಿವನಿಚ್ಛೆ” ಎಂದಿತು ಒಲೆ, ಶಾಲಿನೊಳಗಿಂದ. “ಮುಂದಿನ ಸಲ ಬೆಂಕಿ ಹಚ್ಚುವ ಮುಂಚೆ ಇದನ್ನು ತೆಗೆಯಿರಪ್ಪ.”